ಸೋರಿದರೂ ಸೋಲದ ಹೊಂಡ

ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಎರಡೂವರೆ ಎಕರೆ, ಅಂದರೆ ಒಂದು ಹೆಕ್ಟೇರಿನ ಮೇಲೆ ಬಿದ್ದ ಅಷ್ಟು ಮಳೆಯನ್ನು ಅಳೆದರೆ ಎರಡು ಕೋಟಿ ಲೀಟರು. ಆ ಜಾಗದಲ್ಲೊಂದು ಹೊಂಡ ತೋಡಿ, ಯಾವುದೋ ಕಾರ್ಖಾನೆಯ ಸೀಸ, ಕ್ರೋಮಿಯಂ ಬೆರೆತ ಕೆಸರು ತುಂಬಿ, ಮೇಲೆ ಏನನ್ನೂ ಮುಚ್ಚದೆ ಮೇ ತಿಂಗಳಲ್ಲಿ ಬಿಟ್ಟು ಬಂದೆವು ಅನ್ನಿ. ಅಕ್ಟೋಬರಿನ ಹೊತ್ತಿಗೆ ಆ ಎರಡು ಕೋಟಿ ಲೀಟರಿನ ದೊಡ್ಡ ಪಾಲು ಕೆಸರಿನೊಳಗೆ ಇಳಿದು, ಕರಗುವುದನ್ನೆಲ್ಲ ಕರಗಿಸಿಕೊಂಡು, ತಳದಲ್ಲಿ ದಾರಿ ಮಾಡಿಕೊಂಡಿರುತ್ತದೆ. ಈ ಬೆಟ್ಟಗಳಲ್ಲಿ ನೀರಿಗೆ ದಾರಿಯ ಬರವಿಲ್ಲ. ಪೂರ್ವಕ್ಕೆ ಹರಿದರೆ ಹೇಮಾವತಿ, ಗೊರೂರು, ಕಾವೇರಿ. ಪಶ್ಚಿಮಕ್ಕೆ ಜಾರಿದರೆ ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ. 2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಪಂಪುಗಳು ಶುರುವಾದ ಮೇಲೆ ಇನ್ನೊಂದು ದಾರಿಯೂ ಸೇರಿಕೊಂಡಿದೆ. ಇಲ್ಲಿಯ ಹಳ್ಳದ ನೀರು ಬಯಲುಸೀಮೆಯವರ ಕುಡಿಯುವ ನೀರಾಗುವ ಲೆಕ್ಕದಲ್ಲಿದೆ.

ಅಂಥ ಹೊಂಡ ಈ ಬೆಟ್ಟಗಳಲ್ಲಿ ಇರಕೂಡದು. ರಾಜ್ಯದ ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಲ್ಯಾಂಡ್‌ಫಿಲ್ ಇರುವುದು ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿಯ ಮಳೆ ಸಕಲೇಶಪುರದ ಮಳೆಯ ಅರ್ಧವೂ ಇಲ್ಲ. ಆದರೂ ಇಂಥ ಹೊಂಡವನ್ನು ಹೇಗೆ ಕಟ್ಟುತ್ತಾರೆಂದು ತಿಳಿಯಬೇಕಾದರೆ ಮಲೆನಾಡಿನಲ್ಲಿ ಕೂತು ಯೋಚಿಸುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಹೆಸರಿಗೆ ಇದು ವಿಷವನ್ನು ಕಟ್ಟಿಹಾಕುವ ವಿದ್ಯೆ. ಕೆಲಸವೆಲ್ಲ ನೀರಿನ ಜೊತೆಗೆ. ಒಣಗಿದ ವಿಷ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ನೀರು ಅದನ್ನು ಹೊತ್ತುಕೊಂಡು ಹೋಗುತ್ತದೆ. ಆಲೂರು, ಸಕಲೇಶಪುರದವರಿಗೆ ನೀರು ಯಾವ ಸಂದಿಯಲ್ಲಿ ನುಗ್ಗುತ್ತದೆ, ಎಲ್ಲಿ ಜಲ ಏಳುತ್ತದೆ, ಯಾವ ದಿಣ್ಣೆ ಯಾವ ವರ್ಷ ಕುಸಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕಾರ್ಖಾನೆಯಿಲ್ಲದ ನಮಗೆ ಇದರ ಗೊಡವೆ ಏಕೆ ಎನ್ನುವವರು ತೋಟದ ಗೋಡೌನಿನ ಹಿಂದಿನ ಮೂಲೆ ನೋಡಬೇಕು. ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಬಹಳ ಕಾಲ ಲಿಂಡೇನ್ ಬಳಿಯುತ್ತಿದ್ದರು. ಮಣ್ಣಿನಲ್ಲಿ, ಮೈಕೊಬ್ಬಿನಲ್ಲಿ ಬೇಗ ನಾಶವಾಗದೆ ಉಳಿಯುವ ಈ ವಿಷವನ್ನು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ನಮ್ಮ ದೇಶದಲ್ಲಿ ಅದರ ಬಳಕೆ 2013ರಲ್ಲಿ ನಿಂತಿತು. ಆದರೆ ಬಳಕೆ ನಿಂತ ದಿನವೇ ಡಬ್ಬಗಳು ಮಾಯವಾಗುವುದಿಲ್ಲ. ಜೊತೆಗೆ ಕ್ಲೋರ್‌ಪೈರಿಫಾಸ್ ಕ್ಯಾನು, ಟ್ರ್ಯಾಕ್ಟರಿನ ಹಳೆ ಆಯಿಲು, ಸತ್ತ ಬ್ಯಾಟರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿಷ ಅಂಟಿದ ಖಾಲಿ ಡಬ್ಬಕ್ಕೂ ಜಾಗವಿದೆ. ತಮಾಷೆಯೆಂದರೆ 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬವನ್ನು ಜಜ್ಜಿ ಜನವಸತಿಯಿಂದ ದೂರದಲ್ಲಿ ಹೂಳಿ ಎಂದಿದ್ದವು. ನಮ್ಮ ಬೆಟ್ಟಗಳಲ್ಲಿ ಜನವಸತಿಯಿಂದ ದೂರ ಎಂದರೆ ಸಾಮಾನ್ಯವಾಗಿ ಹಳ್ಳ ಹುಟ್ಟುವ ಜಾಗ.

ಸರಿ, ಕಟ್ಟಲು ಶುರುಮಾಡೋಣ. ತಳಕ್ಕೆ ಮೊದಲು ಬರುವುದು ಜೇಡಿಮಣ್ಣು. ಹಾಸನ ಜಿಲ್ಲೆಗೆ ಇದು ಹೊಸದಲ್ಲ. ಹೊಯ್ಸಳರ ಕಾಲದ ಕೆರೆ ಏರಿಗಳಿಂದ ಹಿಡಿದು 1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟಿನವರೆಗೆ ಇಲ್ಲಿಯ ನೀರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಮಣ್ಣಿನ ಪಾಲು ದೊಡ್ಡದು. ಗೊರೂರಿನ ಅಣೆಕಟ್ಟು 4,692 ಮೀಟರ್ ಉದ್ದ; ಅದರಲ್ಲಿ ಹೆಚ್ಚಿನದು ಮಣ್ಣಿನ ಏರಿಯೇ. ಆದರೆ ಏರಿ ಕಟ್ಟುವವರಿಗೆ ಒಂದು ಅನುಕೂಲವಿದೆ: ಸ್ವಲ್ಪ ಜಿನುಗಿದರೆ ಯಾರೂ ಸಾಯುವುದಿಲ್ಲ, ಕೆಳಗಿನ ಗದ್ದೆಗೆ ಒಳ್ಳೆಯದೇ ಆಗುತ್ತದೆ. ವಿಷದ ಹೊಂಡ ಕಟ್ಟುವವರಿಗೆ ಆ ಅನುಕೂಲವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2001ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ತಳದ ಜೇಡಿಪದರದಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಮೀರಬಾರದು. ವರ್ಷಕ್ಕೆ ಹಿಡಿದರೆ ಸುಮಾರು ಮೂರು ಸೆಂಟಿಮೀಟರು.

ಸಕಲೇಶಪುರದ ಕೆಂಪುಮಣ್ಣನ್ನು ಹಾಗೆಯೇ ತಂದು ಹಾಕಿದರೆ ಈ ಮಟ್ಟ ಸಿಗುವುದು ಕಷ್ಟ. ಸಾವಿರಾರು ವರ್ಷ ಮಳೆ ತೊಳೆದು ತೊಳೆದು ಉಳಿದ ಜಂಬಿಟ್ಟಿಗೆಯ ಜಾತಿಯ ಮಣ್ಣು ಅದು. ಅದರ ಜೇಡಿಯಂಶ ಹೆಚ್ಚಾಗಿ ಕೆಯೊಲಿನೈಟ್, ಒದ್ದೆಯಾದರೂ ಅಷ್ಟಾಗಿ ಉಬ್ಬುವುದಿಲ್ಲ. ಉಬ್ಬುವ ಜೇಡಿ ಬೇಕಾದರೆ ಬೆಂಟೊನೈಟ್ ಬೆರೆಸಬೇಕು. ಗುಜರಾತಿನ ಕಛ್, ರಾಜಸ್ಥಾನದ ಬಾರ್ಮೇರ್ ಕಡೆಯಿಂದ ಬರುವ ಈ ಪುಡಿ ನೀರು ಕುಡಿದು ಹಲವು ಪಟ್ಟು ಹಿಗ್ಗುತ್ತದೆ, ಮಣ್ಣಿನ ಕಾಳುಗಳ ನಡುವಿನ ಸಂದಿಗಳನ್ನು ಮುಚ್ಚುತ್ತದೆ. ನೂರಕ್ಕೆ ಐದಾರು ಪಾಲು ಬೆರೆಸಿದರೂ ಮಣ್ಣಿನ ಗುಣವೇ ಬದಲಾಗುತ್ತದೆ.

ಬೆರೆಸಿದ ಮೇಲೆ ಕುಟ್ಟಬೇಕು. ನನಗೆ ಅತ್ಯಂತ ಮೆಚ್ಚುಗೆಯಾಗುವ ಭಾಗ ಇದು, ಏಕೆಂದರೆ ನೋಡುವವರ ಕಣ್ಣಿಗೆ ಇಲ್ಲಿ ಏನೂ ನಡೆಯುತ್ತಿರುವಂತೆ ಕಾಣುವುದಿಲ್ಲ. ಒಂದು ರೋಲರು ಹಿಂದೆ ಮುಂದೆ ಓಡಾಡುತ್ತಿರುತ್ತದೆ, ಅಷ್ಟೇ. ರಸ್ತೆ ಮಾಡುವ ನುಣುಪು ರೋಲರು ಅದಲ್ಲ. ಮೈತುಂಬ ಗೊರಸಿನಂಥ ಗುಬ್ಬಿಗಳಿರುವ ರೋಲರು. ಲಾಸ್ ಏಂಜಲೀಸಿನ ಅಣೆಕಟ್ಟು ಕೆಲಸದಲ್ಲಿದ್ದ ರಾಲ್ಫ್ ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟಂತೆ ಪ್ರತಿ ಮಣ್ಣಿಗೂ ಅತಿ ಗಟ್ಟಿಯಾಗಿ ಕೂರಿಸಲು ಇಂತಿಷ್ಟೇ ತೇವ ಬೇಕು. ಅಣೆಕಟ್ಟಿಗೆ ಆ ತೇವ ಸಾಕು. ವಿಷದ ಹೊಂಡದ ತಳಕ್ಕೆ ಅದಕ್ಕಿಂತ ಚೂರು ಹೆಚ್ಚೇ ತೇವ ಇಡುತ್ತಾರೆ. ಗಟ್ಟಿತನ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಹೆಂಟೆಗಳೆಲ್ಲ ಮೆತ್ತಗಾಗಿ ಒಂದರೊಳಗೊಂದು ಕಲಸಿಹೋಗಬೇಕು. ಹೆಂಟೆ ಹೆಂಟೆಯಾಗಿಯೇ ಉಳಿದರೆ ಅವುಗಳ ನಡುವಿನ ಸಂದಿಯಲ್ಲಿ ನೀರು ಓಡುತ್ತದೆ. ಒಂದು ಗೇಣಿಗಿಂತ ದಪ್ಪವಾಗದಂತೆ ಹರಡಿ, ಕುಟ್ಟಿ, ಮೇಲ್ಮೈಯನ್ನು ಗೀರಿ ಒರಟು ಮಾಡಿ, ಮತ್ತೊಂದು ಪದರ ಹರಡುತ್ತಾರೆ. ಒರಟು ಮಾಡದಿದ್ದರೆ ಎರಡು ಪದರಗಳ ನಡುವೆ ನೀರಿಗೆ ಅಡ್ಡದಾರಿ ಸಿಗುತ್ತದೆ.

ಅಮೆರಿಕದ ಡೇವಿಡ್ ಡೇನಿಯಲ್ 1984ರಲ್ಲಿ ಹಲವು ಕಡೆಯ ಜೇಡಿ ಪದರಗಳನ್ನು ಪರಿಶೀಲಿಸಿ ಇಡೀ ವೃತ್ತಿಯನ್ನೇ ತಲೆ ಕೆರೆದುಕೊಳ್ಳುವಂತೆ ಮಾಡಿದರು. ಪ್ರಯೋಗಾಲಯದ ಪುಟ್ಟ ತುಂಡಿನಲ್ಲಿ ಅಳೆದದ್ದಕ್ಕಿಂತ ನೆಲದ ಮೇಲಿನ ಪದರ ಹತ್ತು ಪಟ್ಟಿನಿಂದ ಸಾವಿರ ಪಟ್ಟಿನವರೆಗೆ ಹೆಚ್ಚು ಸೋರುತ್ತಿತ್ತು. ಮಣ್ಣು ಅದೇ, ರೋಲರೂ ಇತ್ತು. ಒಡೆಯದ ಹೆಂಟೆ, ಬಿಸಿಲಿಗೆ ಒಂದು ಮಧ್ಯಾಹ್ನ ಒಣಗಿ ಬಿಟ್ಟ ಬಿರುಕು, ಇಷ್ಟೇ ವ್ಯತ್ಯಾಸ. ಅಂದಿನಿಂದ ಜೇಡಿಪದರವನ್ನು ಕುಟ್ಟಿದ ಮೇಲೆ ಒಣಗಲು ಬಿಡುವುದಿಲ್ಲ. ನೀರು ಚಿಮುಕಿಸುತ್ತಲೇ ಇದ್ದು ಆದಷ್ಟು ಬೇಗ ಮುಂದಿನ ಹೊದಿಕೆ ಹೊದಿಸುತ್ತಾರೆ.

ಆ ಹೊದಿಕೆ ಪ್ಲಾಸ್ಟಿಕ್ಕಿನದು. ಕೃಷಿ ಹೊಂಡಕ್ಕೆ, ಕಾಫಿ ಪಲ್ಪರಿನ ಹುಳಿನೀರು ನಿಲ್ಲಿಸುವ ತೊಟ್ಟಿಗೆ ಹಾಸುವ ಕಪ್ಪು ಹಾಳೆಯನ್ನು ಇಲ್ಲಿಯ ಬೆಳೆಗಾರರು ನೋಡಿದ್ದಾರೆ. ಅದೇ ಕುಲದ್ದು, ಆದರೆ ಕಡಿಮೆಯೆಂದರೆ 1.5 ಮಿಲಿಮೀಟರ್ ದಪ್ಪದ್ದು. ಎಚ್‌ಡಿಪಿಇ ಎನ್ನುವ ಗಡಸು ಪಾಲಿಥೀನ್. ಬಿಸಿಲಿಗೆ ಹಾಳಾಗದಿರಲೆಂದು ನೂರಕ್ಕೆ ಎರಡು ಮೂರು ಪಾಲು ಮಸಿ ಬೆರೆಸಿರುತ್ತಾರೆ, ಕಪ್ಪು ಬಣ್ಣ ಅದರಿಂದ. ಹಾಳೆ ಸುರುಳಿಯಾಗಿ ಬರುತ್ತದೆ, ಹಾಗಾಗಿ ಜೋಡಿಸಬೇಕು. ಬಿಸಿ ಮಾಡಿದ ಲೋಹದ ಬೆಣೆಯನ್ನು ಎರಡು ಹಾಳೆಗಳ ಅಂಚಿನ ನಡುವೆ ಓಡಿಸಿದರೆ ಎರಡೂ ಕರಗಿ ಒಂದಾಗುತ್ತವೆ. ಬೆಸುಗೆಯನ್ನು ಒಂದು ಗೆರೆಯಲ್ಲಿ ಹಾಕದೆ ಸಮಾನಾಂತರ ಎರಡು ಗೆರೆಯಲ್ಲಿ ಹಾಕಿ, ನಡುವೆ ಕಿರಿದಾದ ಕೊಳವೆಯಂಥ ಖಾಲಿ ಜಾಗ ಬಿಡುತ್ತಾರೆ. ಆ ಜಾಗಕ್ಕೆ ಗಾಳಿ ತುಂಬಿ ಮೀಟರಿನ ಮುಳ್ಳು ನೋಡುತ್ತ ಕೂರುತ್ತಾರೆ. ಕೆಲವು ನಿಮಿಷ ಮುಳ್ಳು ಇಳಿಯದಿದ್ದರೆ ಬೆಸುಗೆ ಸರಿಯಿದೆ. ಪರೀಕ್ಷೆ ಮಾಡಲೆಂದೇ ಬೆಸುಗೆಯ ರೂಪವನ್ನು ಹೀಗೆ ಯೋಚಿಸಿದವರ ಜಾಣತನಕ್ಕೆ ತಲೆದೂಗಬೇಕು.

ಹಾಸುವುದರಲ್ಲೂ ಹೊತ್ತು ಗೊತ್ತು ನೋಡಬೇಕು. ನೂರು ಮೀಟರ್ ಉದ್ದದ ಹಾಳೆ ಬೆಳಗಿನ ತಂಪಿಗಿಂತ 40 ಡಿಗ್ರಿ ಹೆಚ್ಚು ಕಾದರೆ ಅರ್ಧ ಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಹೆಚ್ಚಾದ ಉದ್ದ ಮಡಿಕೆಯಾಗಿ ಏಳುತ್ತದೆ. ನಡುಮಧ್ಯಾಹ್ನ ಅದರ ಮೇಲೆ ಜಲ್ಲಿ ಸುರಿದರೆ ಆ ಮಡಿಕೆ ಹಾಗೇ ಉಳಿದು, ಹಾಳೆ ಮತ್ತು ಜೇಡಿಯ ನಡುವೆ ಉದ್ದಕ್ಕೂ ಒಂದು ಸುರಂಗವಾಗುತ್ತದೆ. ಕೆನಡಾದ ಕೆರಿ ರೋ ಹಲವು ವರ್ಷ ಈ ಮಡಿಕೆಗಳನ್ನೇ ಅಧ್ಯಯನ ಮಾಡಿದವರು. ಮಡಿಕೆಯ ಮೇಲೊಂದು ತೂತು ಬಿದ್ದರೆ ಸೋರಿಕೆ ಹೇಗೆ ಏರುತ್ತದೆಂದು ತೋರಿಸಿದವರು. ಹಾಗಾಗಿ ಒಳ್ಳೆಯ ತಂಡ ಹಾಳೆಯ ಮೇಲೆ ಜಲ್ಲಿ ಹಾಕುವ ಕೆಲಸವನ್ನು ಹಾಳೆ ತಂಪಾಗಿ ಮಟ್ಟಸವಾಗಿ ಕೂತಿರುವ ಹೊತ್ತಿನಲ್ಲಿ ಮಾಡುತ್ತದೆ. ನಂತರ ತೂತು ಹುಡುಕುವ ಕೆಲಸ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಳೆಯ ಮೇಲಿನ ಒದ್ದೆಗೂ ಕೆಳಗಿನ ನೆಲಕ್ಕೂ ವೋಲ್ಟೇಜು ಕೊಟ್ಟರೆ, ಕರೆಂಟು ಹರಿಯುವುದು ತೂತಿದ್ದ ಕಡೆ ಮಾತ್ರ. ಕಣ್ಣಿಗೆ ಕಾಣದ ಸೂಜಿತೂತೂ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ತೂತು ಉಳಿಯುತ್ತದೆ. ಈ ಕಸುಬಿನವರು ಅದನ್ನು ಮುಚ್ಚಿಡುವುದಿಲ್ಲ, ಲೆಕ್ಕದಲ್ಲೇ ಸೇರಿಸಿಕೊಳ್ಳುತ್ತಾರೆ. ಫ್ರೆಂಚ್ ಎಂಜಿನಿಯರ್ ಜೆ. ಪಿ. ಜಿರೂ ಅವರ ಸೂತ್ರಗಳನ್ನು ಹಿಡಿದು ನೋಡೋಣ. ಒಂದು ಹೆಕ್ಟೇರಿನ ತಳದ ಮೇಲೆ 30 ಸೆಂಟಿಮೀಟರ್ ಆಳ ವಿಷದ ನೀರು ನಿಂತಿದೆ. ಜಲ್ಲಿಯ ಮೇಲೆ ಬರೀ ಪ್ಲಾಸ್ಟಿಕ್ ಹಾಳೆ ಹಾಸಿ, ಅದರಲ್ಲಿ ಒಂದು ಚದರ ಸೆಂಟಿಮೀಟರಿನ ಒಂದೇ ಒಂದು ತೂತಿದ್ದರೆ ದಿನಕ್ಕೆ ಸುಮಾರು 12,000 ಲೀಟರು ಸೋರುತ್ತದೆ. ಪ್ಲಾಸ್ಟಿಕ್ಕೇ ಇಲ್ಲದೆ 45 ಸೆಂಟಿಮೀಟರ್ ದಪ್ಪದ ಉತ್ತಮ ಜೇಡಿ ಮಾತ್ರ ಇದ್ದರೆ, ಒಂದು ತೂತೂ ಇಲ್ಲದೆಯೇ, ದಿನಕ್ಕೆ 1,400 ಲೀಟರಿನಷ್ಟು ಜಿನುಗುತ್ತದೆ. ಅದೇ ತೂತಿನ ಹಾಳೆಯನ್ನು ಅದೇ ಜೇಡಿಯ ಮೇಲೆ ಅಂಟಿದಂತೆ ಕೂರಿಸಿದರೆ? ದಿನಕ್ಕೆ ಅರ್ಧ ಲೀಟರು.

ಈ ಅರ್ಧ ಲೀಟರಿನ ಹಿಂದಿನ ಕಾರಣ ಸರಳ. ತೂತಿನಿಂದ ಇಳಿದ ನೀರಿಗೆ ಕೆಳಗೆ ಹೋಗಲು ತೂತಿನ ಕೆಳಗಿನ ಪುಟ್ಟ ಜಾಗದ ಜೇಡಿ ಮಾತ್ರ ಸಿಗುತ್ತದೆ. ಪಕ್ಕಕ್ಕೆ ಹರಡಲು ಹಾಳೆಗೂ ಜೇಡಿಗೂ ನಡುವೆ ಹೆಚ್ಚು ಎಡೆಯಿಲ್ಲ. ಜೇಡಿ ಇಡೀ ಹೆಕ್ಟೇರಿನಲ್ಲಿ ಸೋರಬಲ್ಲದು, ಆದರೆ ನೀರು ಅದನ್ನು ಮುಟ್ಟುವುದೇ ತೂತಿನ ಸುತ್ತಲಿನ ಸಣ್ಣ ಜಾಗದಲ್ಲಿ. ನಾಟಿಗೆ ಇಳಿದವರು ಕಂಬಳಿಕೊಪ್ಪೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಳ್ಳುವುದು ಇದೇ ಬುದ್ಧಿಯಿಂದ: ಪ್ಲಾಸ್ಟಿಕ್ ಹರಿದಲ್ಲಿ ಕಂಬಳಿ ತಡೆಯುತ್ತದೆ, ಇಡೀ ಕಂಬಳಿ ತೊಯ್ಯದಂತೆ ಪ್ಲಾಸ್ಟಿಕ್ ನೋಡಿಕೊಳ್ಳುತ್ತದೆ. ಎರಡೂ ಒಂಟಿಯಾಗಿ ಸೋಲುವಂಥವು. ಜೊತೆಯಾದಾಗ ಗೆಲ್ಲುತ್ತವೆ, ಅದೂ ಮೈಗೆ ಮೈ ಅಂಟಿದ್ದರೆ ಮಾತ್ರ. ಮಡಿಕೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ.

ಮಳೆ ಹೆಚ್ಚಿರುವ, ಅಂತರ್ಜಲ ಮೇಲಿರುವ ಕಡೆ ಈ ಜೋಡಿಯೂ ಸಾಲದು ಎನ್ನುತ್ತದೆ ಮಂಡಳಿಯ ಮಾನದಂಡ. ಇಂಥ ಎರಡು ಜೋಡಿಯನ್ನು ಒಂದರ ಕೆಳಗೊಂದು ಇಡಬೇಕು, ನಡುವೆ 30 ಸೆಂಟಿಮೀಟರ್ ಜಲ್ಲಿ ಅಥವಾ ಮರಳು. ಆ ನಡುವಿನ ಪದರ ಸದಾ ಒಣಗಿರಬೇಕು. ಅದಕ್ಕೊಂದು ಪೈಪು, ಪೈಪಿನ ತುದಿಗೊಂದು ಗುಂಡಿ. ಗುಂಡಿಯಲ್ಲಿ ನೀರು ಕಂಡಿತೆಂದರೆ ಮೇಲಿನ ಜೋಡಿ ಎಲ್ಲೋ ಕೈಕೊಟ್ಟಿದೆ ಎಂದು ಅರ್ಥ. ಆದರೆ ಕೆಳಗಿನ ಜೋಡಿ ಇನ್ನೂ ಕಾಯುತ್ತಿದೆ, ಪಂಪ್ ಮಾಡಿ ಹೊರತೆಗೆಯಲು ಸಮಯವಿದೆ. ಸೋರಿಕೆಯನ್ನು ಹೊರಗಿನ ಬಾವಿಯಲ್ಲಿ, ಯಾರದೋ ಕೊಡದಲ್ಲಿ ಕಂಡುಹಿಡಿಯುವ ಬದಲು ಹೊಂಡದೊಳಗೇ ಹಿಡಿಯುವ ಉಪಾಯ. ಇಡೀ ಕಟ್ಟಡದಲ್ಲಿ ಬಹುಶಃ ಅತ್ಯಂತ ಪ್ರಾಮಾಣಿಕ ಭಾಗವೂ ಇದೇ.

ಎಲ್ಲಕ್ಕಿಂತ ಮೇಲೆ, ತ್ಯಾಜ್ಯಕ್ಕೆ ತಾಗಿದಂತೆ, ಇನ್ನೊಂದು ಜಲ್ಲಿಪದರ ಇರುತ್ತದೆ. ಅದರೊಳಗೆ ತೂತಿನ ಪೈಪುಗಳು. ಜೇಡಿಯಲ್ಲಿ ಇಳಿಯುವುದಕ್ಕಿಂತ ಲಕ್ಷ ಪಟ್ಟು ಸಲೀಸಾಗಿ ನೀರು ಇದರಲ್ಲಿ ಹರಿಯಬೇಕು. ತ್ಯಾಜ್ಯದಿಂದ ಇಳಿದ ಲೀಚೆಟ್ ತಳದ ಮೇಲೆ 30 ಸೆಂಟಿಮೀಟರಿಗಿಂತ ಹೆಚ್ಚು ನಿಲ್ಲಬಾರದು ಎಂಬುದು ಕಟ್ಟುಪಾಡು. ಮೇಲಿನ ಲೆಕ್ಕದಲ್ಲಿ 30 ಸೆಂಟಿಮೀಟರ್ ಎಂದದ್ದು ಅದಕ್ಕೇ. ಹತ್ತಡಿ ನಿಂತರೆ ಒತ್ತಡ ಹತ್ತು ಪಟ್ಟಾಗುತ್ತದೆ, ಲೆಕ್ಕವೆಲ್ಲ ತಲೆಕೆಳಗು. ಒಳ್ಳೆಯ ತಡೆ ಕಟ್ಟಿ ಪಂಪ್ ಓಡಿಸದಿದ್ದರೆ ಅದು ವಿಷದ ಕೆರೆ.

ಹೊಂಡದ ಬಗ್ಗೆ ಇಷ್ಟು ಹೇಳಿ ಒಳಗೆ ಬೀಳುವುದರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬಂದದ್ದನ್ನೆಲ್ಲ ಸುರಿಯುವಂತಿಲ್ಲ. ದ್ರವ ಹಾಕುವಂತಿಲ್ಲ. ಸುಡಬಹುದಾದ ದ್ರಾವಕ, ಕೀಟನಾಶಕಗಳು ಭಟ್ಟಿಗೆ ಹೋಗುತ್ತವೆ. ಇದಕ್ಕೊಂದು ಗಟ್ಟಿ ಕಾರಣವಿದೆ: ಟೊಲ್ವೀನಿನಂಥ ದ್ರಾವಕಗಳ ಅಣುಗಳು ಒಂದು ತೂತೂ ಇಲ್ಲದ ಪ್ಲಾಸ್ಟಿಕ್ಕಿನ ಮೂಲಕವೇ ನುಸುಳಿ ಹೋಗುತ್ತವೆ, ಸೀಸ, ಕ್ಯಾಡ್ಮಿಯಂನಂಥ ಲೋಹಗಳಿಗೆ ಅದು ಸಾಧ್ಯವಿಲ್ಲ. ಲೋಹವಿರುವ ಕೆಸರಿಗೆ ಸಿಮೆಂಟು, ಸುಣ್ಣ, ಹಾರುಬೂದಿ ಕಲಸಿ ಗಟ್ಟಿ ಮಾಡಿ, ನೀರಿನಲ್ಲಿ ಅಲ್ಲಾಡಿಸಿ ಎಷ್ಟು ಕರಗಿ ಬರುತ್ತದೆಂದು ಪರೀಕ್ಷಿಸಿ, ಮಿತಿಯೊಳಗಿದ್ದರೆ ಮಾತ್ರ ಹೊಂಡಕ್ಕೆ. ಮೊದಲ ತಡೆ ತ್ಯಾಜ್ಯವೇ ಆಗಬೇಕು. ಭೋಪಾಲಿನ ಯೂನಿಯನ್ ಕಾರ್ಬೈಡ್ ಆವರಣದಲ್ಲಿ ನಾಲ್ಕು ದಶಕ ಬಿದ್ದಿದ್ದ 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀತಂಪುರಕ್ಕೆ ಸಾಗಿಸಿ, ಆಮೇಲಿನ ತಿಂಗಳುಗಳಲ್ಲಿ ಸುಟ್ಟರಲ್ಲ, ಅಲ್ಲಿಯೂ ಕತೆ ಮುಗಿದಿಲ್ಲ: ಸುಡುವಾಗ ಬೆರೆಸಿದ ಸುಣ್ಣ ಇತ್ಯಾದಿ ಸೇರಿ ತಂದದ್ದಕ್ಕಿಂತ ಹೆಚ್ಚು ತೂಕದ ಬೂದಿ ಉಳಿಯಿತು. ಅದಕ್ಕೆ ಗತಿ ಇಂಥ ಹೊಂಡವೇ.

ಈಗ ಇಳಿಜಾರು. ಬೆಟ್ಟದವರಿಗೆ ಅತಿ ಹತ್ತಿರದ ವಿಷಯ. 1988ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಕೆಟಲ್‌ಮನ್ ಹಿಲ್ಸ್‌ನ ಅಪಾಯಕಾರಿ ತ್ಯಾಜ್ಯದ ಹೊಂಡವೊಂದರಲ್ಲಿ ತುಂಬಿದ್ದ ರಾಶಿ ಹತ್ತು ಮೀಟರಿನಷ್ಟು ಜಾರಿತು. ಭೂಕಂಪವಿಲ್ಲ, ಪ್ರವಾಹವಿಲ್ಲ. ನುಣುಪಾದ ಪ್ಲಾಸ್ಟಿಕ್ ಹಾಳೆಗೂ ಒದ್ದೆ ಜೇಡಿಗೂ ನಡುವೆ ಹಿಡಿತವಿರಲಿಲ್ಲ. ನೀರು ತಡೆಯಲು ಬೇಕಾದ ನಂಟು, ಅಂದರೆ ನುಣುಪು ಹಾಳೆ ಒದ್ದೆ ಜೇಡಿಗೆ ಅಂಟಿ ಕೂರುವುದು, ಜಾರಲೂ ಹೇಳಿಮಾಡಿಸಿದ ನಂಟಾಗಿತ್ತು. ಬರ್ಕ್ಲಿಯ ಜೇಮ್ಸ್ ಮಿಚೆಲ್ ಮತ್ತು ಸಂಗಡಿಗರು ಇದನ್ನು ಬಿಡಿಸಿಟ್ಟ ಮೇಲೆ ಇಳಿಜಾರಿನಲ್ಲಿ ಮೈ ಒರಟಾದ ಹಾಳೆ ಬಳಸುವುದು, ಪ್ರತಿ ಜೋಡಿ ಪದರದ ಘರ್ಷಣೆಯನ್ನು ಅಳೆಯುವುದು ರೂಢಿಯಾಯಿತು. ನಮ್ಮಲ್ಲಿ ಘಟ್ಟದ ಕೆಳಗೆ, 2019ರ ಆಗಸ್ಟಿನ ಮಳೆಗೆ, ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿದು ಬಂತು. ಅದು ಊರ ಕಸ, ಕೆಟಲ್‌ಮನ್‌ನಂಥ ತಳವೂ ಅದಕ್ಕಿರಲಿಲ್ಲ; ಆದರೆ ನೀರು ಕುಡಿದ ರಾಶಿ ಎಷ್ಟು ದೂರ ನಡೆಯಬಲ್ಲದೆಂದು ತೋರಿಸಿತು. ದೋಣಿಗಾಲಿನಲ್ಲಿ ಹೆದ್ದಾರಿಯೇ ಕುಸಿದದ್ದನ್ನು ಕಂಡ ಸಕಲೇಶಪುರದವರಿಗೆ ಇದಕ್ಕಿಂತ ವಿವರ ಬೇಡ.

ಹೊಂಡ ತುಂಬುವ ಕಾಲವೇ ಅತ್ಯಂತ ಅಪಾಯದ ಕಾಲ, ಯಾಕೆಂದರೆ ಮೇಲೆ ಬಾಯಿ ತೆರೆದಿರುತ್ತದೆ. ಅದಕ್ಕೆಂದೇ ಹೊಂಡವನ್ನು ಚಿಕ್ಕ ಚಿಕ್ಕ ಅಂಕಣಗಳಾಗಿ ಮಾಡಿ, ಒಂದನ್ನು ತುಂಬುವಾಗ ಉಳಿದವನ್ನು ಮುಚ್ಚಿಡುತ್ತಾರೆ, ಮಳೆಗಾಲಕ್ಕೆ ಮುಂಚೆ ತಾತ್ಕಾಲಿಕ ಹೊದಿಕೆ ಹೊದಿಸುತ್ತಾರೆ. ತುಂಬಿದ ಮೇಲೆ ಕೊನೆಯ ಮುಚ್ಚಳ: ಮತ್ತೆ ಜೇಡಿ, ಮತ್ತೆ ಹಾಳೆ, ಮತ್ತೆ ಜಲ್ಲಿ, ಮೇಲೆ ಹುಲ್ಲು ಬೆಳೆಯುವಷ್ಟು ಮಣ್ಣು. ಮಳೆನಾಡಿನಲ್ಲಿ ತಳಕ್ಕಿಂತ ಮುಚ್ಚಳಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಒಳಗೆ ನೀರೇ ಹೋಗದಿದ್ದರೆ ತಳದಲ್ಲಿ ಸೋರಲು ಏನಿದೆ? ಆ ಎರಡು ಕೋಟಿ ಲೀಟರನ್ನು ಮುಚ್ಚಳದ ಮೇಲೆಯೇ ಜಾರಿಸಿ ಚರಂಡಿಗೆ ಕಳಿಸಬೇಕು. ಮುಚ್ಚಳದ ಮೇಲೆ ಹುಲ್ಲು ಬೆಳೆಸಬಹುದು, ಬೇರು ಆಳಕ್ಕಿಳಿಯುವ ಮರ ಬೇಡ. ಸಿಲ್ವರ್ ಓಕ್ ನೆಡುವ ಆಸೆ ಬಿಡಬೇಕು. ಬಿಲ ತೋಡುವ ಪ್ರಾಣಿಗಳ ಬಗ್ಗೆ ಅಮೆರಿಕದ ಕೈಪಿಡಿಗಳು ಎಚ್ಚರಿಸುತ್ತವೆ. ಆಲೂರು ಕಡೆಯಲ್ಲಿ ಮುಳ್ಳುಹಂದಿಯ ಜೊತೆ ಆನೆಯ ಹೆಸರನ್ನೂ ಸೇರಿಸಬೇಕಾಗುತ್ತದೆ, ಪಾಪ ಅಮೆರಿಕದವರಿಗೆ ಆ ಅಗತ್ಯ ಬಿದ್ದಿಲ್ಲ.

ಇದೆಲ್ಲ ಎಷ್ಟು ಕಾಲ ಬಾಳುತ್ತದೆ? ಪ್ಲಾಸ್ಟಿಕ್ ಸಾಯುವುದೇ ಇಲ್ಲ ಎಂಬ ಮಾತು ಇಲ್ಲಿ ಸಲ್ಲದು. ಹಾಳೆಯಲ್ಲಿ ಬೆರೆಸಿರುವ ಆಕ್ಸಿಡೀಕರಣ ತಡೆಯುವ ವಸ್ತು ಮೊದಲು ಮೆಲ್ಲಗೆ ಖರ್ಚಾಗುತ್ತದೆ. ಅದು ಮುಗಿದ ಮೇಲೆ ಕೆಲಕಾಲ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಹಾಳೆ ಪೆಡಸಾಗಿ, ಬಿರುಕು ಬಿಡಲು ಶುರು. ಫಿಲಡೆಲ್ಫಿಯಾದ ರಾಬರ್ಟ್ ಕೋರ್ನರ್ ಮತ್ತು ಗ್ರೇಸ್ ಶ್ವಾನ್ ಇದನ್ನು ಬಿಸಿನೀರಿನ ತೊಟ್ಟಿಗಳಲ್ಲಿ ವರ್ಷಗಟ್ಟಲೆ ಮಾಗಿಸಿ ನೋಡಿ ಅಂದಾಜು ಕೊಟ್ಟರು. ಮಣ್ಣಿನಡಿ 20 ಡಿಗ್ರಿಯಲ್ಲಿದ್ದರೆ ನಾಲ್ಕು ಶತಮಾನಕ್ಕೂ ಮೀರಿ ಬಾಳಬಹುದು. 40 ಡಿಗ್ರಿಯಲ್ಲಿ 70 ವರ್ಷದ ಆಸುಪಾಸು. ಹಾಗಾಗಿ ಹೊಂಡದೊಳಗಿನ ಬಿಸಿಯೂ ಒಂದು ಶತ್ರು. ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುವ ತ್ಯಾಜ್ಯವನ್ನು ಗಟ್ಟಿ ಮಾಡಿ ಸುಮ್ಮನಾಗಿಸಿಯೇ ಒಳಗೆ ಹಾಕಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ.

ಜೇಡಿಗೆ ಇಂಥ ಮುಪ್ಪಿಲ್ಲ, ಬೆಟ್ಟದಷ್ಟೇ ಹಳೆಯ ವಸ್ತು ಅದು. ಆದರೆ ಅದಕ್ಕೂ ಒಂದು ಚಂಚಲತೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸೂರಿ ಶ್ರೀಧರನ್ ದಶಕಗಳ ಕಾಲ ಜೇಡಿಮಣ್ಣಿನ ಈ ಸ್ವಭಾವವನ್ನು ಬಿಡಿಸಿ ನೋಡಿದರು. ಕೆಯೊಲಿನೈಟ್ ಮತ್ತು ಉಬ್ಬುವ ಮಾಂಟ್‌ಮೊರಿಲೊನೈಟ್ ಎರಡೂ ಜೇಡಿಯೇ ಆದರೂ, ನಡುವಿನ ದ್ರವ ಬದಲಾದರೆ ಒಂದು ಒಂದು ರೀತಿ, ಇನ್ನೊಂದು ತದ್ವಿರುದ್ಧವಾಗಿ ವರ್ತಿಸುವುದನ್ನು ತೋರಿಸಿದರು. ಅದೇ ಸಂಸ್ಥೆಯ ಪಿ. ವಿ. ಶಿವಪುಲ್ಲಯ್ಯ ಮಣ್ಣಿಗೆ ಬೆಂಟೊನೈಟ್ ಬೆರೆಸಿದ ಪದರಗಳ ಮೇಲೆ ಕೆಲಸ ಮಾಡಿದವರು. ಸಿಹಿನೀರಿನಲ್ಲಿ ಚೆನ್ನಾಗಿ ಉಬ್ಬಿದ ಬೆಂಟೊನೈಟ್ ಕ್ಯಾಲ್ಸಿಯಂ ಲವಣದ ನೀರು ಸೋಕಿದರೆ ಮುದುಡಿಕೊಳ್ಳುತ್ತದೆ, ಸಂದಿಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ಬರೀ ನೀರು ಹಾಕಿ ಮಣ್ಣನ್ನು ಪರೀಕ್ಷೆ ಮಾಡಿದರೆ ಸಾಲದು. ಮುಂದೆ ಅದರ ಮೇಲೆ ನಿಲ್ಲಲಿರುವ ಲೀಚೆಟ್ಟನ್ನೇ ಹಾಕಿ ನೋಡಬೇಕು. ಮೇಲಿನ ಹಾಳೆ ಮೊದಲ ಶತಮಾನ ಕಾಯುತ್ತದೆ, ಅಷ್ಟರಲ್ಲಿ ಒಳಗಿನದು ಒಣಗಿ ತಣ್ಣಗಾಗಿರುತ್ತದೆ, ಆಮೇಲೆ ಜೇಡಿ ನೋಡಿಕೊಳ್ಳುತ್ತದೆ ಎಂಬುದು ಇಲ್ಲಿಯ ದೂರದ ಲೆಕ್ಕ.

ಮಣ್ಣು, ಪ್ಲಾಸ್ಟಿಕ್ಕುಗಳಿಗಿಂತ ಬೇಗ ಸವೆಯುವುದು ಜನರ ನೆನಪು. ಅಮೆರಿಕದ ನಯಾಗರ ಜಲಪಾತದ ಊರಿನಲ್ಲಿ ಹುಕರ್ ಕಂಪನಿ 1942ರಿಂದ 1953ರವರೆಗೆ ಲವ್ ಕೆನಾಲ್ ಎಂಬ ಹಳೆಯ ಕಾಲುವೆಯಲ್ಲಿ ಸುಮಾರು 20,000 ಟನ್ ರಾಸಾಯನಿಕ ಹೂಳಿ, ಮೇಲೆ ಜೇಡಿ ಮುಚ್ಚಿತು. ಆ ಜೇಡಿ ನೆಲ ಅಷ್ಟೇನೂ ಕೆಟ್ಟದ್ದಲ್ಲ. 1953ರಲ್ಲಿ ಒಂದು ಡಾಲರಿಗೆ ಜಾಗವನ್ನು ಶಾಲಾ ಮಂಡಳಿಗೆ ಕೊಟ್ಟರು. ಶಾಲೆ ಎದ್ದಿತು, ಪಕ್ಕದಲ್ಲಿ ಮನೆಗಳು, ಮನೆಗಳಿಗೆ ರಸ್ತೆ, ಚರಂಡಿ. ಮುಚ್ಚಳವನ್ನು ಕೆತ್ತಿದರು, ಪಕ್ಕದ ಗೋಡೆಯನ್ನು ಕೊರೆದರು. ಮಳೆ ಹಿಮ ಒಳಗಿಳಿದು ತುಂಬಿ, ನೆಲಮಾಳಿಗೆಗಳಲ್ಲಿ ವಿಷ ಒಸರಿತು. 1978ರ ಆಗಸ್ಟಿನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಜೇಡಿ ಸೋತು ಆದದ್ದಲ್ಲ ಇದು, ಅಡಿಯಲ್ಲಿ ಏನಿದೆಯೆಂದು ಮರೆತು ಮೇಲೆ ಗುದ್ದಲಿ ಹಾಕಿದ್ದರಿಂದ ಆದದ್ದು. ನಮ್ಮ ಮಾನದಂಡಗಳಲ್ಲಿ ಮುಚ್ಚಿದ ಮೇಲೆ 30 ವರ್ಷ ಹೊಂಡವನ್ನು ಕಾಯಬೇಕು, ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸುತ್ತಿರಬೇಕು, ಅದಕ್ಕೆ ಹಣ ಮುಂಚೆಯೇ ತೆಗೆದಿಡಬೇಕು ಎಂದಿದೆ. ಹಾಳೆಗೆ ನಾಲ್ಕು ಶತಮಾನ ಆಯುಸ್ಸು ಕೊಟ್ಟು ಕಾವಲಿಗೆ 30 ವರ್ಷ ಕೊಟ್ಟದ್ದು ನನಗೆ ಕಡಿಮೆ ಎನಿಸುತ್ತದೆ.

ಇಷ್ಟು ತಿಳಿದ ಮೇಲೆ ಸಕಲೇಶಪುರದ ಬೆಟ್ಟದಲ್ಲಿ ಇಂಥದ್ದನ್ನು ಕಟ್ಟಬಹುದೇ ಎಂದರೆ, ಕಟ್ಟಲು ಬರುತ್ತದೆ, ಕಟ್ಟಬಾರದು. ಹೊಳೆಯಿಂದ 100 ಮೀಟರ್, ಕೆರೆಯಿಂದ 200 ಮೀಟರ್ ದೂರವಿರಬೇಕು ಎನ್ನುವ ನಿಯಮವೊಂದನ್ನೇ ಹಿಡಿದರೂ ಮಳೆಗಾಲದಲ್ಲಿ ಇಲ್ಲಿ ಜಾಗ ಸಿಗುವುದು ಕಷ್ಟ. ಇಳಿಜಾರು ಜಾರುತ್ತದೆ, ಅಂತರ್ಜಲ ಕಾಲಡಿಗೇ ಬರುತ್ತದೆ, ಒಣ ದಿನಗಳು ಸಾಲದೆ ಹಾಳೆ ಬೆಸೆಯುವ ಕೆಲಸವೂ ಕುಂಟುತ್ತದೆ. ಒಳ್ಳೆಯ ತಡೆಗೋಡೆಗೆ ಮೊದಲು ಬೇಕಾದದ್ದು ತಡೆಯಲು ಕಡಿಮೆ ಇರುವ ಜಾಗ.

ತೋಟವಿರುವವರಲ್ಲಿ ಒಂದು ಕೇಳಿಕೆ. ಗೋಡೌನಿನಲ್ಲಿ ಹಳೆಯ ಲಿಂಡೇನ್ ಡಬ್ಬವಿದ್ದರೆ, ವಿಷದ ಕ್ಯಾನುಗಳಿದ್ದರೆ, ಯಾರದೋ ಮಾತು ಕೇಳಿ ಹಳ್ಳದ ತಲೆಯಲ್ಲಿ ಗುಂಡಿ ತೋಡಿ ಹೂಳಬೇಡಿ, ಬಾಳೆಬುಡದಲ್ಲಿ ಸುಡಬೇಡಿ, ಗುಜರಿಗೂ ಹಾಕಬೇಡಿ. ಸೋರುವ ಡಬ್ಬವನ್ನು ಗಟ್ಟಿ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಟ್ಟು, ಹೆಸರು ಬರೆದು, ಸೂರಿನಡಿ ಒಣನೆಲದ ಮೇಲೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಹಾಸನದಲ್ಲೇ ಇದೆ. ಇಂಥದ್ದನ್ನು ಎಲ್ಲಿಗೆ ಕಳಿಸಬೇಕೆಂದು ಲಿಖಿತವಾಗಿ ಕೇಳಿ. ಒಬ್ಬಿಬ್ಬರು ಕೇಳಿದರೆ ಕಡತವಾಗುತ್ತದೆ, ಬೆಳೆಗಾರರ ಸಂಘವೇ ಸೇರಿ ಕೇಳಿದರೆ ಲಾರಿ ಬರುತ್ತದೆ.